ಇಬ್ಬರು ಒಳಗೆ, ಒಬ್ಬ ಹೊರಗೆ

ಹೊಟ್ಟೆಪಾಡಿನ ಕೆಲಸ ಮನುಷ್ಯನಿಗೆ ಅನ್ನ ಕೊಡುತ್ತದೆ, ಜೊತೆಗೆ ಕೇಳದೆಯೇ ಸ್ವಲ್ಪ ಅಹಂಕಾರವನ್ನೂ ಕೊಡುತ್ತದೆ. ಡ್ರೈವರ್ ಆದವನು ಬೇರೆಯವರ ಕಾರಿನಲ್ಲಿ ಕೂತರೆ ಅವನ ಬಲಗಾಲು ಸುಮ್ಮನಿರುವುದಿಲ್ಲ, ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಅಡುಗೆಯವನು ಮದುವೆ ಊಟಕ್ಕೆ ಕೂತರೆ ಸಾರನ್ನು ಉಣ್ಣುವುದಿಲ್ಲ, ಪರೀಕ್ಷೆ ಮಾಡುತ್ತಾನೆ. ನಮ್ಮ ಊರಿನ ದರ್ಜಿಯೊಬ್ಬರು ಸಾವಿನ ಮನೆಗೆ ಹೋದರೂ ಪೆಟ್ಟಿಗೆಯಲ್ಲಿ ಮಲಗಿದವರ ಮುಖ ನೋಡುವ ಮೊದಲು ಕೋಟಿನ ತೋಳು ನೋಡುತ್ತಿದ್ದರು. ಇವರೆಲ್ಲರನ್ನೂ ನೋಡಿ ನಕ್ಕವನು ನಾನು. ನನ್ನದೇ ಒಂದು ಅಹಂಕಾರವಿದೆ, ಅದು ಚಳಿಯ ಬಗ್ಗೆ ಎಂದು ನನಗೆ ಅರವತ್ತಾರು ವರ್ಷ ದಾಟುವ ತನಕ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಅದು ಒಂದು ಸುಳ್ಳನ್ನು ಹೆತ್ತಾಗಿತ್ತು. ಆ ಸುಳ್ಳಿನ ವಿಷಯವನ್ನೇ ಈಗ ಹೇಳಲು ಹೊರಟಿದ್ದೇನೆ.

ಒಮಾನಿನಲ್ಲಿ ಕೂತು ಚಳಿಯ ಅಹಂಕಾರವೇ ಎಂದು ನೀವು ಕೇಳಬಹುದು. ನಾನು ಸುವೈಕಿನಲ್ಲಿ ಮೀನಿನ ಕೋಲ್ಡ್ ಸ್ಟೋರೇಜುಗಳ ಮೆಕ್ಯಾನಿಕ್. ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ತನಕ ಓದಿ, ಫ್ರಿಜ್ ರಿಪೇರಿ ಕಲಿತು, ಇಲ್ಲಿಗೆ ಬಂದು ಮೂವತ್ತೇಳು ವರ್ಷವಾಯಿತು. ಕಫೀಲ್, ಅಂದರೆ ನನ್ನನ್ನು ಇಲ್ಲಿಗೆ ಕರೆಸಿಕೊಂಡ ಒಮಾನಿ ಧಣಿ, ಒಳ್ಳೆಯ ಮನುಷ್ಯ. 'ಗ್ರೆಗೋರಿ, ನೀನು ಹೋದರೆ ನನ್ನ ಮೀನು ಅಳುತ್ತದೆ' ಎಂದು ವೀಸಾವನ್ನು ಹೊಸದು ಮಾಡಿಸುತ್ತಲೇ ಇದ್ದಾರೆ. ಜೂನ್ ತಿಂಗಳಲ್ಲಿ ಹೊರಗೆ ನಲವತ್ತೇಳು ಡಿಗ್ರಿ ಇರುವಾಗ ಒಳಗೆ ಮೈನಸ್ ಹದಿನೆಂಟು. ನಡುವೆ ಇರುವುದು ಒಂದು ಬಾಗಿಲು. ಈ ಅರವತ್ತೈದು ಡಿಗ್ರಿಯನ್ನು ದಿನಕ್ಕೆ ಹತ್ತು ಸಲ ದಾಟಿದವನು ನಾನು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಮೂರು ಮಾತು ಹೇಳುತ್ತೇನೆ. ಒಳಗೆ ಹೋದರೆ ಕೂರಬಾರದು. ನಿದ್ದೆ ಬಂದ ಹಾಗಾದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಬೇಕು, ಯಾಕೆಂದರೆ ಮೈನಸ್ಸಿನಲ್ಲಿ ಬರುವ ನಿದ್ದೆ ಮತ್ತೆ ಏಳುವ ನಿದ್ದೆಯಲ್ಲ. ಮತ್ತು, ಇಬ್ಬರು ಒಳಗೆ ಹೋದರೆ ಇಬ್ಬರೂ ಹೊರಗೆ ಬರಬೇಕು. ಈ ಮೂರನ್ನು ನಾನು ಬಂಗಾಳಿಗಳಿಗೆ ಹಿಂದಿಯಲ್ಲಿ, ಒಮಾನಿಗಳಿಗೆ ಕೈಸನ್ನೆಯಲ್ಲಿ, ಮಲಯಾಳಿಗಳಿಗೆ ಮಲಯಾಳದ ಹಾಗೆ ಕೇಳಿಸುವ ತುಳುವಿನಲ್ಲಿ ಕಲಿಸಿಕೊಟ್ಟಿದ್ದೇನೆ. ನನ್ನ ಕೈಕೆಳಗೆ ಇದುವರೆಗೆ ಮೀನು ಬಿಟ್ಟು ಬೇರೆ ಯಾರೂ ಒಳಗೆ ಉಳಿದಿಲ್ಲ.

ಇನ್ನು ಐರಿನ್. ನನ್ನ ಹೆಂಡತಿ. ಗಲ್ಫಿನಲ್ಲಿ ಬದುಕಿದವರಿಗೆ ಕೂಪನ್ ಎಂದರೇನೆಂದು ವಿವರಿಸಬೇಕಾಗಿಲ್ಲ. ದೊಡ್ಡ ಅಂಗಡಿಯಲ್ಲಿ ಇಷ್ಟು ಸಾಮಾನು ಕೊಂಡರೆ ಒಂದು ಚೀಟಿ. ಅದರಲ್ಲಿ ಹೆಸರು, ಫೋನ್ ನಂಬರು ಬರೆದು ಬಾಗಿಲ ಬಳಿ ಇಟ್ಟ ಗಾಜಿನ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆಯ ಪಕ್ಕದಲ್ಲಿ ಹೊಸ ಕಾರೊಂದು ರಿಬ್ಬನ್ ಕಟ್ಟಿಕೊಂಡು ನಿಂತಿರುತ್ತದೆ. ಜನ ಕಾರನ್ನು ಒಂದು ಸಲ ಮುಟ್ಟಿ, ಪೆಟ್ಟಿಗೆಗೆ ಚೀಟಿ ಹಾಕಿ, ಹಾಲು ಮೊಸರು ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಐರಿನ್ ಈ ಚೀಟಿಗಳನ್ನು ಸಂಜೆಯ ಜಪಮಾಲೆಯ ತೇರ್ಸ ಹೇಳುವಷ್ಟೇ ಭಕ್ತಿಯಿಂದ, ಒಂದನ್ನೂ ಬಿಡದೆ ತುಂಬಿಸುತ್ತಾಳೆ. ಕಾರಿನ ಆಸೆ ಅವಳಿಗಿರಲಿಲ್ಲ. ಆ ಸಲ ಮೂರನೇ ಬಹುಮಾನ ಗೋಡೆಯಷ್ಟು ದೊಡ್ಡ ಟಿವಿ, ಅದರ ಮೇಲೆ ಅವಳ ಕಣ್ಣು. ಸಿಕ್ಕಿದ್ದು ಎರಡನೆಯದು: ದಂಪತಿಗಳಿಗೆ ಸ್ವೀಡನ್ ದೇಶದ ಉತ್ತರದ ತುದಿಯಲ್ಲಿ, ಪೂರ್ತಿ ಮಂಜುಗಡ್ಡೆಯಿಂದಲೇ ಕಟ್ಟಿದ ಹೋಟೆಲಿನಲ್ಲಿ ಒಂದು ರಾತ್ರಿ, ಹೋಗಿ ಬರುವ ವಿಮಾನ ಸಹಿತ. ಸುದ್ದಿ ಕೇಳಿ ಅವಳು, "ಟಿವಿ ಸಿಕ್ಕಿದವರ ನಂಬರು ಕೊಡ್ತಾರಾ, ಕೇಳಿ ನೋಡಿ" ಎಂದಳು. ಕೇಳಿದೆ. ಟಿವಿ ಸಿಕ್ಕಿದ ಮನುಷ್ಯ ಮಂಜಿನಲ್ಲಿ ಮಲಗಲು ಒಪ್ಪಲಿಲ್ಲವಂತೆ.

ನಮ್ಮ ಕಡೆಯವರೆಲ್ಲ ಬಂದು ಕೂರುವ ಜಾಗ ಹಮೀದಾಕನ ಅಂಗಡಿ. ಹಮೀದಾಕ ಬಂಟ್ವಾಳದ ಕಡೆಯ ಬ್ಯಾರಿ. ಸುವೈಕಿನ ಮಾರ್ಕೆಟಿನಲ್ಲಿ ಅಕ್ಕಿ, ಬೇಳೆ, ಊರಿನ ಉಪ್ಪಿನಕಾಯಿ ಮಾರುತ್ತಾರೆ, ಹಿಂದುಗಡೆ ಚಹಾ ಕೊಡುತ್ತಾರೆ. ಅವರಿಗೆ ಹೇಳಿದ ಮಾತು ಸಂಜೆಯೊಳಗೆ ಸೊಹಾರಿನಿಂದ ಮಸ್ಕತ್ತಿನ ತನಕ ಎರಡೂ ದಿಕ್ಕಿಗೆ ಹೋಗಿ ಮುಟ್ಟುತ್ತದೆ. ನಾನು ಹೋಗಿ ಹೇಳಿದೆ.

"ಅಲ್ಲ ಪೊರ್ಬುಗಳೇ, ಐಸಿನ ಮಂಚದಲ್ಲಿ ಮಲಗ್ಲಿಕ್ಕೆ ನೀವೆಂತ ಬಂಗುಡೆ ಮೀನಾ?" ಎಂದರು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮನೆಂದೂ ಕರೆಯುವುದು ರೂಢಿ.

"ಅಲ್ಲಿ ಎಷ್ಟು ಗೊತ್ತುಂಟಾ ಹಮೀದಾಕ? ಬರೀ ಮೈನಸ್ ಐದು. ನನ್ನ ಮೀನುಗಳು ಇರುವುದು ಮೈನಸ್ ಹದಿನೆಂಟರಲ್ಲಿ. ನನಗದು ಬೇಸಿಗೆ."

"ಬಾಯಮ್ಮನಿಗೆ?"

"ಅವಳನ್ನು ನಾನು ನೋಡಿಕೊಳ್ತೇನೆ" ಎಂದೆ. ಈ ಮಾತನ್ನು ಆ ಒಂದು ವಾರದಲ್ಲಿ ಬಹಳ ಮಂದಿಗೆ ಹೇಳಿದೆ. ಹಮೀದಾಕ ಒಳಗೆ ಹೋಗಿ ಒಂದು ಮಂಕಿ ಟೋಪಿ ತಂದುಕೊಟ್ಟರು. ಯಾವ ಕಾಲದಲ್ಲಿ, ಯಾರಿಗೆ ಮಾರಬಹುದೆಂದು ಅವರು ಅದನ್ನು ಸುವೈಕಿಗೆ ತರಿಸಿದ್ದರೋ, ನಾನು ಕೇಳಲಿಲ್ಲ.

ಜನವರಿಯಲ್ಲಿ ಹೋದೆವು. ಮೂರು ವಿಮಾನ, ಒಂದು ಬಸ್ಸು. ಹೋಟೆಲು ದೂರದಿಂದ ನೋಡಿದರೆ ಯಾರೋ ಉಪ್ಪಿನ ರಾಶಿ ಹಾಕಿ ಬಾಗಿಲು ಇಟ್ಟ ಹಾಗೆ ಕಾಣುತ್ತಿತ್ತು. ಒಳಗೆ ಎಲ್ಲವೂ ಗಡ್ಡೆ. ಕಂಬ ಗಡ್ಡೆ, ಕುರ್ಚಿ ಗಡ್ಡೆ, ಕುಡಿಯುವ ಲೋಟವೂ ಗಡ್ಡೆ. ನಾನು ಮೊದಲು ಮಾಡಿದ ಕೆಲಸ ಗೋಡೆಯನ್ನು ಬೆರಳಿನಿಂದ ತಟ್ಟಿ ದಪ್ಪ ಎಷ್ಟಿದೆಯೆಂದು ನೋಡಿದ್ದು; ಎರಡನೆಯದು, ನೀರು ಹೋಗುವ ಪೈಪು ಎಲ್ಲಿದೆಯೆಂದು ಹುಡುಕಿದ್ದು. ನಮ್ಮನ್ನು ಕರೆದೊಯ್ದ ಹುಡುಗಿಯ ಹತ್ತಿರ ಕಂಪ್ರೆಸರ್ ಎಲ್ಲಿ ಎಂದು ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಕೈಸನ್ನೆ ಮಾಡಿ, ಬಾಯಲ್ಲಿ ಸದ್ದು ಮಾಡಿ ತೋರಿಸಿದೆ. ಅವಳು ಬಾಗಿಲಿನತ್ತ ಕೈ ಮಾಡಿದಳು. ಹೊರಗೆ ಮೈನಸ್ ಇಪ್ಪತ್ತಾರು. ಕಣ್ಣು ಹಾಯುವಷ್ಟು ದೂರ ಬಿಳಿ. ಇಡೀ ದೇಶವೇ ಕಂಪ್ರೆಸರ್. ಬೇಸಿಗೆ ಬಂದರೆ ಈ ಹೋಟೆಲು ಪೂರ್ತಿ ಕರಗಿ ನದಿಗೆ ಹೋಗುತ್ತದೆ, ಮುಂದಿನ ಚಳಿಗಾಲಕ್ಕೆ ಇನ್ನೊಂದು ಕಟ್ಟುತ್ತೇವೆ ಎಂದಳು. ಒಂದು ಕೋಲ್ಡ್ ಸ್ಟೋರೇಜ್ ಕರಗಿಹೋಗುವುದನ್ನು ಇಷ್ಟು ಸಂತೋಷದಿಂದ ಹೇಳುವವರನ್ನು ನನ್ನ ಕಸುಬಿನಲ್ಲಿ ನಾನು ಕಂಡಿಲ್ಲ.

ಮಲಗುವ ಮೊದಲು ಆ ಹುಡುಗಿ ಎಲ್ಲರನ್ನೂ ಕೂರಿಸಿ ಪಾಠ ಮಾಡಿದಳು. ಮೈಮೇಲೆ ತೆಳುವಾದ ಉಣ್ಣೆಯ ಒಳಬಟ್ಟೆ ಮಾತ್ರ ಇರಲಿ, ತಲೆಗೆ ಟೋಪಿ, ಕಾಲಿಗೆ ಒಣಗಿದ ಸಾಕ್ಸ್. ಹೆಚ್ಚು ಬಟ್ಟೆ ಹಾಕಿದರೆ ಬೆವರುತ್ತೀರಿ, ಬೆವರಿದರೆ ಚಳಿಯಾಗುತ್ತದೆ. ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿ ಜಿಪ್ ಎಳೆದುಕೊಳ್ಳಿ. ಬೇಡ ಅನಿಸಿದರೆ ಪಕ್ಕದಲ್ಲೇ ಬೆಚ್ಚಗಿನ ಕಟ್ಟಡವಿದೆ, ಎದ್ದು ಬನ್ನಿ, ನಾಚಿಕೆ ಬೇಡ. ಐರಿನ್ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಪ್ರತಿ ಮಾತಿಗೂ ತಲೆಯಾಡಿಸಿದಳು. ನಾನು ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದೆ. ಮೈನಸ್ ಹದಿನೆಂಟಿನವನಿಗೆ ಮೈನಸ್ ಐದರ ಪಾಠ! ಪಾಠ ಮುಗಿದ ಮೇಲೆ ನಾನು ಎರಡು ಸ್ವೆಟರ್, ಜೀನ್ಸ್, ಹಮೀದಾಕನ ಮಂಕಿ ಟೋಪಿ ಎಲ್ಲವನ್ನೂ ಹಾಕಿಕೊಂಡು ಬ್ಯಾಗಿನೊಳಗೆ ಇಳಿದೆ. ಜಿಪ್ ಎದೆಯ ತನಕ ಬಂದು ನಿಂತಿತು.

ಮಂಚ ಗಡ್ಡೆಯದು, ಅದರ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಹಿಮಸಾರಂಗದ ಚರ್ಮ. ಕೋಣೆಗೆ ಬಾಗಿಲಿಲ್ಲ, ಒಂದು ಪರದೆ. ಐರಿನ್ ಶಿಲುಬೆಯ ಗುರುತು ಹಾಕಿ, "ಎಷ್ಟು ಚಂದ ಅಲ್ವಾ, ಗೋಡೆಯೊಳಗೆ ದೀಪ ಇಟ್ಟಿದ್ದಾರೆ ನೋಡಿ" ಎಂದಳು. ಮರುನಿಮಿಷ ನಿದ್ದೆ ಹೋದಳು. ನಾನು ಮೇಲೆ ನೋಡುತ್ತ ಮಲಗಿದೆ. ಮೊದಲು ಕಾಡಿದ್ದು ಸದ್ದಿಲ್ಲದಿರುವುದು. ಮೂವತ್ತೇಳು ವರ್ಷ ಯಂತ್ರದ ಸದ್ದಿನಲ್ಲಿ ಬದುಕಿದವನಿಗೆ ತಣ್ಣಗಿನ ಕೋಣೆಯಲ್ಲಿ ಸದ್ದು ನಿಂತಿದೆ ಎಂದರೆ ಮೆಷಿನ್ ಟ್ರಿಪ್ ಆಗಿ ನಿಂತುಹೋಗಿದೆ ಎಂದೇ ಅರ್ಥ. ಸ್ವಲ್ಪ ಹೊತ್ತಿಗೆ ಬೆವರಿದೆ. ಬೆವರಿದ್ದು ತಣ್ಣಗಾಯಿತು. ಹುಡುಗಿ ಹೇಳಿದ್ದು ಅಕ್ಷರಶಃ ನಡೆಯುತ್ತಿತ್ತು. ಆದರೂ ತಡೆದುಕೊಂಡೆ. ಆಮೇಲೆ, ನಿಜ ಹೇಳಬೇಕೆಂದರೆ, ನಿದ್ದೆ ಬಂತು.

ಅಲ್ಲೇ ಕೆಟ್ಟಿತು. ಬೇರೆ ಯಾರಿಗಾದರೂ ನಿದ್ದೆ ಬಂದಿದ್ದರೆ ಮಲಗುತ್ತಿದ್ದರು. ನನಗೆ ರೆಪ್ಪೆ ಭಾರವಾದದ್ದೇ ತಡ, ಮೂವತ್ತೇಳು ವರ್ಷದಿಂದ ನಾನೇ ಊರಿಗೆಲ್ಲ ಕಲಿಸಿದ ಪಾಠ ನನ್ನನ್ನು ಎಬ್ಬಿಸಿ ನಿಲ್ಲಿಸಿತು. ಮೈನಸ್ಸಿನಲ್ಲಿ ನಿದ್ದೆ ಬಂತೋ, ಓಡು! ಬ್ಯಾಗನ್ನು ಒದ್ದೆ, ಬೂಟನ್ನು ಹುಡುಕಲಿಲ್ಲ, ಪರದೆ ಸರಿಸಿ, ಗಡ್ಡೆಯ ಓಣಿಯಲ್ಲಿ ಸಾಕ್ಸಿನಲ್ಲೇ ಜಾರುತ್ತ ಓಡಿ, ಬೆಚ್ಚಗಿನ ಕಟ್ಟಡದ ಸೋಫಾದ ಮೇಲೆ ಬಿದ್ದೆ. ಅಲ್ಲಿ ಬೆಂಕಿ ಉರಿಯುತ್ತಿತ್ತು. ನೆಟ್ಟಗೆ ನಿದ್ದೆ ಬಂತು.

ಓದುತ್ತಿರುವ ನಿಮಗೆ ಈಗಾಗಲೇ ಹೊಳೆದಿರಬೇಕು. ನನಗೆ ಮಾತ್ರ ಬೆಳಿಗ್ಗೆ ತನಕ ಹೊಳೆಯಲಿಲ್ಲ. ನನ್ನ ಎರಡನೇ ಪಾಠವನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೆ. ಮೂರನೆಯದನ್ನು ಮರೆತಿದ್ದೆ. ನಿದ್ದೆಯಲ್ಲಿ ಸಾಯುತ್ತೇನೆಂದು ನಂಬಿ ಓಡಿದವನು, ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ ಹೆಂಡತಿಯ ಹೆಗಲು ಮುಟ್ಟಿ "ಏಳು" ಎನ್ನಲಿಲ್ಲ. ಸುಳ್ಳು ಆಮೇಲೆ ಹೇಳಿದ್ದು. ಪಾಪ ಮಾಡಿದ್ದು ಅಲ್ಲಿಯೇ.

ಬೆಳಿಗ್ಗೆ ಕಣ್ಣು ಬಿಟ್ಟಾಗ ಐರಿನ್ ಎದುರಿಗೆ ನಿಂತಿದ್ದಳು. ಕೆನ್ನೆ ಕೆಂಪಗೆ, ಕೈಯಲ್ಲಿ ಬಿಸಿ ಹಣ್ಣಿನ ರಸದ ಲೋಟ. ಅದನ್ನು ಮಂಚದ ಹತ್ತಿರಕ್ಕೇ ತಂದುಕೊಟ್ಟರಂತೆ. ಕಂಕುಳಲ್ಲಿ ಒಂದು ಸರ್ಟಿಫಿಕೇಟು: ಇಂಥವರು ಇಡೀ ರಾತ್ರಿ ಮಂಜಿನ ಕೋಣೆಯಲ್ಲಿ ಮಲಗಿದ್ದಾರೆ ಎಂದು, ಅವಳೊಬ್ಬಳ ಹೆಸರಿಗೆ. "ನಿದ್ದೆ ಬಂತಾ?" ಎಂದು ಕೇಳಿದಳು. ಬಂತು ಎಂದೆ. ಬೇರೇನೂ ಕೇಳಲಿಲ್ಲ. ನಾನು ಏಳುವ ಮೊದಲೇ ಅವಳು ಒಂದು ಫೋಟೋ ತೆಗೆದು ಅಕ್ಕತಂಗಿಯರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ್ದಳೆಂಬುದು ಆಗ ನನಗೆ ತಿಳಿದಿರಲಿಲ್ಲ. ಬೆಂಕಿಯ ಮುಂದೆ, ಸೋಫಾದ ಮೇಲೆ, ಹೋಟೆಲಿನವರು ಎಲ್ಲರಿಗೂ ಕೊಟ್ಟಿದ್ದಂಥ ಜಾಕೆಟೊಂದನ್ನು ಹೊದ್ದು, ಮಂಕಿ ಟೋಪಿ ಹಾಕಿಕೊಂಡು ಬಾಯಿ ತೆರೆದು ಮಲಗಿದ ನಾನು. ಫೋಟೋ ನಮಗಿಂತ ಎರಡು ದಿನ ಮೊದಲೇ ಸುವೈಕ್ ತಲುಪಿತ್ತು.

ಹಮೀದಾಕನ ಅಂಗಡಿಯಲ್ಲಿ ನಾನು ಕಾಲಿಡುವಾಗ ಏಳೆಂಟು ಮಂದಿ ಕೂತಿದ್ದರು. ಹಮೀದಾಕ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಪೊರ್ಬುಗಳೇ, ಈ ಐಸಿನ ಹೋಟೆಲಿನಲ್ಲಿ ಬೆಂಕಿ ಸಹ ಐಸಿನದ್ದೇನಾ?"

ಎಲ್ಲರೂ ನಕ್ಕರು. ಆ ಕ್ಷಣದಲ್ಲಿ ನಾನು ನಿಜ ಹೇಳಿದ್ದರೆ ಒಂದು ವಾರ ನಗುತ್ತಿದ್ದರು, ಮುಗಿಯುತ್ತಿತ್ತು. ಆದರೆ ಕೂತವರಲ್ಲಿ ನಾಲ್ಕು ಮಂದಿ ನನ್ನ ಗಿರಾಕಿಗಳು. ಚಳಿಗೆ ಹೆದರಿದ ಮೆಕ್ಯಾನಿಕ್ಕನ್ನು ಯಾರು ಕೋಲ್ಡ್ ರೂಮಿಗೆ ಕರೆಯುತ್ತಾರೆ?

"ಏನು ಮಾಡುವುದು ಹಮೀದಾಕ," ಎಂದೆ, ಒಂದು ಉಸಿರು ಬಿಟ್ಟು. "ಐರಿನ್‌ಗೆ ಹೆದರಿಕೆ ಆಯ್ತು. ಒಬ್ಬಳನ್ನೇ ಹೇಗೆ ಕಳಿಸುವುದು? ನಾನೂ ಎದ್ದು ಬಂದೆ. ಈಚೆ ಬಂದ ಮೇಲೆ ಅವಳು ಕೂತಿದ್ದಳು, ನಾನು ಮಲಗಿದೆ. ಫೋಟೋ ತೆಗೆದದ್ದು ಅವಳೇ ಅಲ್ವಾ, ಅದಕ್ಕೇ ಅದರಲ್ಲಿ ಅವಳಿಲ್ಲ."

ಸುಳ್ಳು ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೇ ಆಶ್ಚರ್ಯವಾಯಿತು. ನಗು ನಿಂತಿತು. ಹಮೀದಾಕ ಫೋನನ್ನು ಜೇಬಿಗೆ ಹಾಕಿ, "ಪಾಪ, ಬಾಯಮ್ಮ" ಎಂದು ನನಗೆ ಒಂದು ಚಹಾ ಹೆಚ್ಚಿಗೆ ಕೊಟ್ಟರು.

ಸುಳ್ಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರೂ ಇಟ್ಟ ಹಾಗೇ ಇರುವುದಿಲ್ಲ, ಬೆಳೆಯುತ್ತದೆ. ಮೊದಲ ಸಲ ಹೇಳಿದಾಗ ಐರಿನ್‌ಗೆ ಸ್ವಲ್ಪ ಹೆದರಿಕೆಯಾಗಿತ್ತು, ಅಷ್ಟೆ. ಈಸ್ಟರ್ ಹಬ್ಬದ ಹೊತ್ತಿಗೆ ಅವಳ ಹಲ್ಲು ಕಟಕಟ ಎನ್ನತೊಡಗಿತು. ಜೂನ್ ಬರುವಷ್ಟರಲ್ಲಿ ನಾನು ಅವಳನ್ನು ಎತ್ತಿಕೊಂಡು ಓಣಿಯಲ್ಲಿ ನಡೆದು ಬಂದಿದ್ದೆ. ನನ್ನ ಸೊಂಟನೋವಿನ ಪರಿಚಯವಿದ್ದವರೂ ನಂಬಿದರು. ಖುರುಮ್‌ನಲ್ಲಿ (ಅದು ಮಸ್ಕತ್ತಿನದೇ ಒಂದು ಭಾಗ) ನಮ್ಮ ಊರಿನವರ ಸಂಘದ ಸಮಾರಂಭದಲ್ಲಿ ನನ್ನನ್ನು ವೇದಿಕೆಗೆ ಕರೆದು ಅನುಭವ ಹೇಳಿಸಿದರು. ಹೆಂಗಸರ ಸಾಲಿನಲ್ಲಿ ಕೂತ ಐರಿನ್ ಕೊನೆಯ ತನಕ ಕೇಳಿದಳು, ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದಳು. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಹೇಳಿದಳು: "ನನ್ನನ್ನು ಎತ್ತಿದ್ದು ನೀವು ಮದುವೆಯ ದಿನವೂ ಇಲ್ಲ." ನಾನು ರೇಡಿಯೋ ಹಾಕಿದೆ.

ಅವಳು ಯಾಕೆ ಸುಮ್ಮನಿದ್ದಳು ಎಂದು ನಾನು ಯೋಚಿಸಲಿಲ್ಲ. ಸುಮ್ಮನಿದ್ದಾಳಲ್ಲ, ನಡೆಯಲಿ ಎಂದುಕೊಂಡೆ. ಡಿಸೆಂಬರ್ ತನಕ ನಡೆಯಿತು.

ಬೆಟ್ಟದ ಬುಡದ ನಿಜ್ವಾ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಜೆಸಿಂತಾ ಎಂಬ ನರ್ಸ್ ಇದ್ದಾಳೆ, ಶಿರ್ವದ ಕಡೆಯವಳು. ಸಂಘದ ಹೆಂಗಸರಿಗೆ ಅವಳೇ ಸೇನಾಪತಿ. ಕ್ರಿಸ್‌ಮಸ್ ಕಳೆದ ಮೇಲೆ ಹೆಂಗಸರು ಮಾತ್ರ ಜಬಲ್ ಶಮ್ಸ್ ಬೆಟ್ಟದ ಮೇಲೆ ಡೇರೆ ಹಾಕಿ ಒಂದು ರಾತ್ರಿ ಇರುವುದೆಂದು ಅವಳು ಏರ್ಪಾಡು ಮಾಡಿದಳು. ಆ ಬೆಟ್ಟದ ಮೇಲೆ ಜನವರಿಯಲ್ಲಿ ಬಾಟಲಿಯ ನೀರು ಹೆಪ್ಪುಗಟ್ಟುವುದುಂಟು. ಒಮಾನಿಗೆ ಬಂದು ಮೂವತ್ತೆರಡು ವರ್ಷವಾದರೂ ಐರಿನ್ ಆ ಬೆಟ್ಟ ನೋಡಿರಲಿಲ್ಲ; ಪ್ರತಿ ವರ್ಷ 'ಮುಂದಿನ ಸಲ' ಎಂದು ನಾನೇ ಮುಂದೂಡಿದ್ದೆ. ಹೆಸರು ಕೊಡಲು ಅವಳು ಫೋನ್ ಮಾಡಿದಳು. ನಾನು ಪಕ್ಕದಲ್ಲಿ ಪೇಪರ್ ಹಿಡಿದು ಕೂತಿದ್ದೆ. ಜೆಸಿಂತಾಳ ದನಿ ಸ್ಪೀಕರ್ ಹಾಕದೆಯೂ ಕೇಳುತ್ತದೆ.

"ಅಯ್ಯೋ ಆಂಟಿ, ನಿಮಗೆ ಆಗ್ಲಿಕ್ಕಿಲ್ಲ. ಐಸ್ ಹೋಟೆಲಲ್ಲಿ ಏನಾಯ್ತು ಅಂತ ಎಲ್ಲರಿಗೂ ಗೊತ್ತುಂಟಲ್ಲ. ಅಂಕಲ್ ಇದ್ರು, ಎತ್ತಿಕೊಂಡು ಬಂದ್ರು. ಬೆಟ್ಟದಲ್ಲಿ ನಾವು ಯಾರು ಎತ್ತುವುದು? ನಾನು ನರ್ಸ್, ನಾಳೆ ಏನಾದ್ರೂ ಆದ್ರೆ ನನ್ನನ್ನೇ ಕೇಳ್ತಾರೆ."

"ನನಗೇನೂ ಆಗುವುದಿಲ್ಲ ಜೆಸಿಂತಾ."

"ಹಾಗೆ ಅನಿಸ್ತದೆ ಆಂಟಿ. ನೀವು ಬೇಸರ ಮಾಡ್ಬೇಡಿ ಆಯ್ತಾ? ಬರುವಾಗ ನಿಮಗೆ ನಿಜ್ವಾದ ಹಲ್ವಾ ತರ್ತೇವೆ."

ಐರಿನ್ ಫೋನನ್ನು ಮೇಜಿನ ಮೇಲೆ ಇಟ್ಟಳು. ನಾನು ಪೇಪರ್ ಕೆಳಗಿಳಿಸದೆ, "ಆ ಸರ್ಟಿಫಿಕೇಟು ಉಂಟಲ್ಲ, ಅದರ ಫೋಟೋ ತೆಗೆದು ಕಳಿಸು" ಎಂದೆ.

"ನಾನು ಯಾಕೆ ಕಳಿಸ್ಬೇಕು?" ಎಂದಳು. "ನಾನು ಯಾರ ಹತ್ರವೂ ಏನೂ ಹೇಳ್ಲಿಲ್ಲ. ಹೇಳಿದ್ದು ನೀವು. ಹೇಳಿದ ಬಾಯಿಂದಲೇ ತೆಗೀರಿ."

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆಯ ಸದ್ದು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬರಲಿಲ್ಲ. ಸ್ವಲ್ಪ ಹೊತ್ತು ಕಳೆದು ಇಣುಕಿದೆ. ಹಬ್ಬದ ಕುಸ್ವಾರ್ ತಿಂಡಿಗೆಂದು ಕಲಸಿಟ್ಟ ಹಿಟ್ಟಿನ ಮುಂದೆ ಸುಮ್ಮನೆ ನಿಂತಿದ್ದಳು, ಕೈ ಹಾಕಿರಲಿಲ್ಲ.

ಕ್ರಿಸ್‌ಮಸ್ಸಿಗೆ ಮೊದಲು ಪಾಪನಿವೇದನೆ ಮಾಡುವುದು ನಮ್ಮಲ್ಲಿ ರೂಢಿ. ಮಸ್ಕತ್ತಿಗೆ ಹೋಗಿ ಸಾಲಿನಲ್ಲಿ ನಿಂತೆ. ಪಾಪನಿವೇದನೆಗೆ ಕೂತಿದ್ದ ಫಾದರ್ ಗೋವಾದವರು. ಅವರ ಕೊಂಕಣಿಗೂ ನಮ್ಮದಕ್ಕೂ ಅಷ್ಟಕ್ಕಷ್ಟೆ, ಆದರೂ ಪಾಪಗಳು ಎರಡೂ ಕಡೆ ಒಂದೇ ಆದ್ದರಿಂದ ತೊಂದರೆಯಾಗುವುದಿಲ್ಲ. ಆ ದಿನ ಮಾತ್ರ ಆಯಿತು.

"ಫಾದರ್, ನಾನು ಮಂಜಿನ ಹೋಟೆಲಿನಿಂದ ಓಡಿಬಂದೆ."

ಜಾಲರಿಯ ಆಚೆಯಿಂದ, "ಅದು ಪಾಪ ಅಲ್ಲ" ಎಂದರು.

"ಹೆಂಡತಿಯನ್ನು ಒಳಗೇ ಬಿಟ್ಟು ಬಂದೆ."

"ಎಷ್ಟು ಸಲ?"

"ಬಿಟ್ಟು ಬಂದದ್ದು ಒಂದೇ ಸಲ ಫಾದರ್. ಓಡಿದ್ದು ಅವಳು ಅಂತ ಹೇಳಿದ್ದು ಒಂದು ನಲವತ್ತು ಸಲ ಇರಬಹುದು. ವಾಟ್ಸ್ಆ್ಯಪ್‌ನಲ್ಲಿ ಹೇಳಿದ್ದು ಬಿಟ್ಟು."

ಅವರು ಕೆಮ್ಮಿದರು. ಆ ಕೆಮ್ಮಿನ ಒಳಗೆ ಇನ್ನೇನೋ ಇದ್ದ ಹಾಗಿತ್ತು. ಪ್ರಾಯಶ್ಚಿತ್ತಕ್ಕೆ ಮೂರೋ ಐದೋ ಜಪ ಹೇಳುತ್ತಾರೆಂದು ಕಾದೆ. ಎಷ್ಟು ಹೇಳಿದರೂ ಕಾರಿನಲ್ಲೇ ಮುಗಿಸಬಹುದಿತ್ತು. ಅವರು, "ವೇದಿಕೆಯ ಮೇಲೆ ಹೇಳಿದ್ದರೆ ವೇದಿಕೆಯ ಮೇಲೆಯೇ ತೆಗೆಯಬೇಕು" ಎಂದರು. ವೇದಿಕೆಯ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಐರಿನ್ ಇವರ ಹತ್ತಿರ ಮೊದಲೇ ಬಂದು ಹೋಗಿದ್ದಾಳೋ ಎಂದು ನನಗೆ ಈಗಲೂ ಅನುಮಾನ.

ವೇದಿಕೆಯ ತನಕ ಹೋಗದೆ ಮುಗಿಸಲು ಸಾಧ್ಯವೇ ಎಂದು ಮೊದಲು ಜೆಸಿಂತಾಳಿಗೆ ಫೋನ್ ಮಾಡಿದೆ. ಹೆದರಿದ್ದು ಐರಿನ್ ಅಲ್ಲ, ನಾನು, ಎಂದು ನೇರವಾಗಿ ಹೇಳಿದೆ. ಅವಳು ಮೆತ್ತಗಿನ ದನಿಯಲ್ಲಿ, "ಅಂಕಲ್, ಆಂಟಿಯನ್ನು ಬೆಟ್ಟಕ್ಕೆ ಕಳಿಸ್ಲಿಕ್ಕೆ ನೀವು ಇಷ್ಟು ಮಾಡ್ತೀರಾ! ನಮ್ಮ ಮನೆಯವರು ನಿಮ್ಮನ್ನು ನೋಡಿ ಕಲೀಬೇಕು" ಎಂದಳು. ಅದೇ ಸಂಜೆ ಹಮೀದಾಕ ನನ್ನ ಭುಜ ತಟ್ಟಿದರು. "ಹೆಂಡತಿಯ ಮಾನ ಉಳಿಸ್ಲಿಕ್ಕೆ ತಪ್ಪನ್ನು ತಲೆಮೇಲೆ ಹಾಕಿಕೊಂಡ್ರಂತೆ. ಗಂಡಸು ಅಂದ್ರೆ ನೀವು ಪೊರ್ಬುಗಳೇ." ಹನ್ನೊಂದು ತಿಂಗಳು ಸುಳ್ಳು ಹೇಳಿದಾಗ ಸಿಗದ ಮರ್ಯಾದೆ ಒಂದು ನಿಜ ಹೇಳಿದ್ದಕ್ಕೆ ಸಿಕ್ಕಿತು. ಯಾರೂ ನಂಬಲಿಲ್ಲ ಎಂಬುದೊಂದೇ ಕೊರತೆ.

ಕ್ರಿಸ್‌ಮಸ್ ಕೂಟ ಖುರುಮ್‌ನ ಅದೇ ಹಾಲಿನಲ್ಲಿ. ಊಟಕ್ಕೆ ಮೊದಲು ನಾನು ಮೈಕ್ ಕೇಳಿ ತೆಗೆದುಕೊಂಡೆ. ಎರಡು ಸ್ವೆಟರಿನಿಂದ ಸಾಕ್ಸಿನ ತನಕ ಎಲ್ಲವನ್ನೂ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಹಾಸ್ಯ ಕಾರ್ಯಕ್ರಮ ಎಂದುಕೊಂಡಿದ್ದರು. ಮುಂದಿನ ಸಾಲಿನಲ್ಲಿ ಒಬ್ಬರು "ಒನ್ಸ್ ಮೋರ್" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಇನ್ನಷ್ಟು ನಕ್ಕರು. ಆಗ ಜೆಸಿಂತಾ ಎದ್ದು ನಿಂತಳು.

"ಆಂಟಿ, ನೀವೇ ಹೇಳಿಬಿಡಿ. ಯಾರು ಹೆದರಿದ್ದು?"

ಹಾಲ್ ಪೂರ್ತಿ ಐರಿನ್ ಕಡೆ ತಿರುಗಿತು. ಅವಳು ಸೀರೆಯ ಸೆರಗು ಸರಿ ಮಾಡಿಕೊಂಡು ಎದ್ದಳು.

"ನಾನೂ ಹೆದರಿದ್ದೆ" ಎಂದಳು.

ನಾನು ಮೈಕ್ ಹಿಡಿದುಕೊಂಡು ಹಾಗೇ ನಿಂತೆ.

"ನಡುವೆ ಎಚ್ಚರ ಆಯ್ತು. ಪಕ್ಕದಲ್ಲಿ ಇವರ ಚೀಲ ಖಾಲಿ. ಬೂಟು ಅಲ್ಲೇ ಉಂಟು, ಜನ ಇಲ್ಲ. ಹೊರಗೆ ಆ ಹಿಮದಲ್ಲಿ ಎಲ್ಲಿಯಾದ್ರೂ ಬಿದ್ದಿದ್ದಾರಾ ಅಂತ ನನ್ನ ಜೀವ ಹೋಯ್ತು. ಹುಡುಕಿಕೊಂಡು ಹೋದೆ. ನೋಡಿದ್ರೆ ಸೋಫಾದಲ್ಲಿ ಗೊರಕೆ. ನನ್ನ ಜಾಕೆಟ್ ಹೊದಿಸಿದೆ. ಮತ್ತೆ ವಾಪಸ್ ಹೋಗಿ ಅಲ್ಲೇ ಮಲಗಿದೆ."

"ಐಸಿಗೆ ವಾಪಸ್ಸಾ?" ಜೆಸಿಂತಾ ಕೇಳಿದಳು.

"ಮತ್ತೆಂತ? ಅಷ್ಟು ದೂರ ಹೋಗಿ ಸೋಫಾದಲ್ಲಿ ಮಲಗ್ಲಿಕ್ಕೆ ಮನೆಯಲ್ಲಿ ಇರ್ಲಿಲ್ವಾ? ಇವರು ನಮ್ಮ ಕೋಣೆಯ ಎಸಿಯನ್ನು ಹದಿನಾರರಿಂದ ಮೇಲೆ ಬಿಡ್ಲೇ ಇಲ್ಲ. ಮೂವತ್ತೆರಡು ವರ್ಷ ಅದರ ಕೆಳಗೆ ಮಲಗಿದವಳಿಗೆ ಐಸ್ ಯಾವ ಲೆಕ್ಕ!"

ಈ ಸಲದ ನಗು ಬೇರೆ ಥರ ಇತ್ತು. ಅದು ನನ್ನನ್ನೇ ನೋಡಿ ನಕ್ಕ ನಗು. ಹನ್ನೊಂದು ತಿಂಗಳು ತಡವಾಗಿ ಬಂದಿತ್ತು. ಆದರೆ ನಾನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಆ ಜಾಕೆಟ್ ಹೊದಿಸಿದ್ದು ಹೋಟೆಲಿನ ಹುಡುಗಿ ಎಂದೇ ಇಷ್ಟು ದಿನ ನಂಬಿದ್ದೆ. ಇಬ್ಬರು ಒಳಗೆ ಹೋದರೆ ಇಬ್ಬರೂ ಹೊರಗೆ ಬರಬೇಕೆಂದು ನಾನು ಊರಿಗೆಲ್ಲ ಹೇಳಿದವನು. ಅದನ್ನು ಯಾರಿಂದಲೂ ಕಲಿಯದವಳು ನನ್ನನ್ನು ಹುಡುಕಿಕೊಂಡು ಬಂದಿದ್ದಳು.

ಜೆಸಿಂತಾ ಅಲ್ಲೇ ಫೋನ್ ತೆಗೆದು ಪಟ್ಟಿಗೆ ಐರಿನ್ ಹೆಸರು ಸೇರಿಸಿದಳು. ಹಮೀದಾಕನ ಅಂಗಡಿಯಲ್ಲಿ ಈಗ ನಾನು ಕೂತರೆ, "ಪೊರ್ಬುಗಳಿಗೆ ಚಳಿ ಆಗ್ತದೆ, ಫ್ಯಾನ್ ನಿಲ್ಲಿಸಿ" ಎನ್ನುತ್ತಾರೆ. ಗಿರಾಕಿಗಳಲ್ಲಿ ಒಬ್ಬರೂ ನನ್ನನ್ನು ಬಿಟ್ಟು ಹೋಗಲಿಲ್ಲ. ಸುಳ್ಳು ಹೇಳಲು ನನಗಿದ್ದ ಒಂದೇ ಕಾರಣವೂ ಹೀಗೆ ಸುಳ್ಳಾಯಿತು.

ಜನವರಿಯ ಒಂದು ಶುಕ್ರವಾರ ಐರಿನ್‌ಳನ್ನು ನಿಜ್ವಾ ತನಕ ಬಿಟ್ಟು ಬಂದೆ. ನಾಲ್ಕು ದೊಡ್ಡ ಗಾಡಿಗಳಲ್ಲಿ ಹೆಂಗಸರು ಹಾಡುತ್ತ ಬೆಟ್ಟ ಹತ್ತಿದರು. ಮರುದಿನ ಮಧ್ಯಾಹ್ನ ಕರೆದುಕೊಂಡು ಬರಲು ಪುನಃ ಹೋದೆ. ಗಾಡಿಯಿಂದ ಇಳಿದವಳ ತುಟಿ ಒಡೆದಿತ್ತು, ಮೂಗಿನ ತುದಿ ಕೆಂಪಗಿತ್ತು, ಹತ್ತು ವರ್ಷ ಚಿಕ್ಕವಳಾಗಿ ಕಾಣುತ್ತಿದ್ದಳು. ಕಾರಿನಲ್ಲಿ ಕೂತ ಮೇಲೆ ಕೇಳಿದೆ.

"ಹೇಗಿತ್ತು?"

"ಒಳ್ಳೇದಿತ್ತು. ಬೆಳಿಗ್ಗೆ ಏಳುವಾಗ ಡೇರೆಯ ಮೇಲೆಲ್ಲ ಬಿಳಿ ಹುಡಿ ಕೂತಿತ್ತು. ಕೆಳಗೆ ಕಣಿವೆ ನೋಡಿದ್ರೆ ತಲೆ ತಿರುಗ್ತದೆ."

"ಎಲ್ಲರೂ ಡೇರೆಯಲ್ಲೇ ಮಲಗಿದ್ರಾ?"

"ಇಬ್ಬರು ನಡುವೆ ಎದ್ದು ಗಾಡಿಗೆ ಹೋದ್ರು. ಹೀಟರ್ ಹಾಕಿ ಅಲ್ಲೇ ಮಲಗಿದ್ರು."

"ಯಾರು?"

"ಹೆಸರು ಯಾಕೆ ನಿಮಗೆ?"

"ಸುಮ್ಮನೆ."

"ಸುಮ್ಮನೆ ಆದ್ರೆ ಸುಮ್ಮನಿರಿ" ಎಂದು ಕಿಟಕಿಯ ಆಚೆ ನೋಡತೊಡಗಿದಳು.

ನನಗೆ ನಾಚಿಕೆಯಾಯಿತು. ಹೆಸರು ಹೇಳದೆ ಇರುವುದು ಇಷ್ಟು ಸುಲಭದ ಕೆಲಸವೇ ಎಂದು ಯೋಚಿಸುತ್ತ ಗಾಡಿ ಓಡಿಸಿದೆ. ಪಶ್ಚಾತ್ತಾಪಪಟ್ಟವನು ಇಂಥ ವಿಷಯ ಮತ್ತೆ ಕೇಳಬಾರದು. ಆದರೂ ದಾರಿಯ ಬರ್ಕಾ ಊರು ದಾಟುವಷ್ಟರಲ್ಲಿ ಮೂರು ಸಲ ಕೇಳಿದೆ. ಅವಳು ಹೇಳಲಿಲ್ಲ, ಇವತ್ತಿನ ತನಕವೂ ಹೇಳಿಲ್ಲ. ಗಾಡಿಗಳಿಂದ ಇಳಿಯುವಾಗ ನಾನು ಗಮನಿಸಿದ ಮಟ್ಟಿಗೆ ಜೆಸಿಂತಾಳ ತುಟಿ ಬೇರೆಯವರ ಹಾಗೆ ಒಡೆದಿರಲಿಲ್ಲ. ಹೀಟರ್ ಹಾಕಿ ಮಲಗಿದವರ ತುಟಿ ಅಷ್ಟಾಗಿ ಒಡೆಯುವುದಿಲ್ಲ ಎಂಬುದು ನನ್ನ ಕಸುಬಿನ ತಿಳಿವಳಿಕೆ. ಆದರೆ ಆಧಾರವಿಲ್ಲದೆ ಒಬ್ಬ ಹೆಂಗಸಿನ ಹೆಸರು ಎತ್ತುವುದು ಎಷ್ಟು ದೊಡ್ಡ ತಪ್ಪೆಂದು ಈಗ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದ್ದರಿಂದ ಈ ಅನುಮಾನವನ್ನು ಯಾರ ಹತ್ತಿರವೂ ಆಡಿಲ್ಲ. ಹಮೀದಾಕನಿಗೆ ಮಾತ್ರ ಹೇಳಿದ್ದೇನೆ.